ಗದಗಿನ ಮಾಸ್ತರರ ಉಷೆ

ಶಾಂತಕವಿ ಎಂಬ ಹೆಸರಿನಲ್ಲಿ ಬರೆದ ಸಕ್ಕರಿ ಬಾಳಾಚಾರ್ಯರು (1856–1920) ಹೊಟ್ಟೆಪಾಡಿಗೆ ನಾಟಕ ಕಟ್ಟಿದವರಲ್ಲ. ಕನ್ನಡ ಶಾಲೆಯ ಮಾಸ್ತರರು. ಕಾವ್ಯನಾಮ ಬಂದದ್ದು ಹಿರೇಕೆರೂರು ಸೀಮೆಯ ಸಾತೇನಹಳ್ಳಿಯ ಶಾಂತೇಶನಿಂದ. ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶರ ಜೊತೆಗೆ ಒಂದೇ ಉಸಿರಿನಲ್ಲಿ ಜನ ಹೆಸರಿಸುವ ಹನುಮಪ್ಪ ಅವನು.

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಆಗ ನಾಟಕವೆಂದರೆ ಮರಾಠಿ ನಾಟಕ. ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗಲಿಯಲ್ಲಿ ಆಡಿಸಿದ ‘ಸೀತಾ ಸ್ವಯಂವರ’ಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದಿಂದ ಹೋಗಿದ್ದ ಭಾಗವತ ಮೇಳದ ಆಟ. ಆ ಆಟವೇ ಮರಾಠಿಯ ವೇಷ ತೊಟ್ಟು ತಿರುಗಿ ಬಂದಾಗ ಕನ್ನಡಿಗರು ದುಡ್ಡು ಕೊಟ್ಟು ನೋಡಿದರು. ಕನ್ನಡದಲ್ಲಿ ನಾಟಕಗಳೇ ಇರಲಿಲ್ಲವೆಂದಲ್ಲ. ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು, ಡೆಪ್ಯುಟಿ ಚೆನ್ನಬಸಪ್ಪನವರು ಶೇಕ್ಸ್‌ಪಿಯರನ ಒಂದು ಪ್ರಹಸನವನ್ನು ಕನ್ನಡಿಸಿದ್ದರು. ಕೊರತೆ ಇದ್ದದ್ದು ಅವನ್ನು ಹಾಡಿ ಆಡುವ ಮೇಳದ್ದು.

1870ರ ದಶಕದಲ್ಲಿ ಶಾಂತಕವಿಗಳು ಗದಗಿನಲ್ಲಿ ಅಂಥದೊಂದು ಮೇಳ ಕಟ್ಟಿದರು. ಗದಗಿನ ಹಳೆಯ ಹೆಸರು ಕೃತಪುರ. ಅದರಿಂದಲೇ ಕೃತಪುರ ನಾಟಕ ಮಂಡಳಿ. ಊರ ದೇವರು ವೀರನಾರಾಯಣನ ಹೆಸರೂ ಅದಕ್ಕೆ ಸೇರಿತ್ತು. ಕುಮಾರವ್ಯಾಸ ಕೂತು ಭಾರತ ಬರೆದನೆನ್ನುವ ಗುಡಿಯ ದೇವರು. ಕನ್ನಡ ನಾಟಕಕ್ಕೆ ಇದಕ್ಕಿಂತ ದೊಡ್ಡ ಜಾಮೀನು ಬೇಕಿರಲಿಲ್ಲ.

ಶಾಂತಕವಿಗಳ ಹೆಸರು ಉಳಿಸಿದ ನಾಟಕ ‘ಉಷಾಹರಣ’. ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಒಬ್ಬ ತರುಣನನ್ನು ಕಾಣುತ್ತಾಳೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಗೆಳತಿ ಚಿತ್ರಲೇಖೆ ದೇವ, ಗಂಧರ್ವ, ಯಾದವರ ಚಿತ್ರಗಳನ್ನು ಒಂದೊಂದಾಗಿ ಬರೆದು ತೋರಿಸುತ್ತ ಹೋಗುತ್ತಾಳೆ. ಕೃಷ್ಣನ ಮೊಮ್ಮಗ ಅನಿರುದ್ಧನ ಚಿತ್ರಕ್ಕೆ ಉಷೆ ನಾಚುತ್ತಾಳೆ. ಕನಸು, ವಿರಹ, ನಾಚಿಕೆ, ಕಡೆಗೆ ಯುದ್ಧ: ಹೆಜ್ಜೆಹೆಜ್ಜೆಗೂ ಹಾಡಿಗೆ ಎಡೆಯಿರುವ ಕಥೆ. ಪುರಾಣದ ರಾಶಿಯಿಂದ ಇದನ್ನೇ ಎತ್ತಿಕೊಂಡವರಿಗೆ ರಂಗದ ನಾಡಿ ಗೊತ್ತಿತ್ತೆನ್ನಬೇಕು.

ಹಾಡು ಆಗಿನ್ನೂ ನಟರದಾಗಿರಲಿಲ್ಲ: ಆ ಕಾಲದ ಮರಾಠಿ ಆಖ್ಯಾನ ನಾಟಕಗಳಲ್ಲಿ ಪದ ಹಾಡುವವನು ಸೂತ್ರಧಾರ. ಪಾತ್ರಧಾರಿಗಳು ಅದರ ಅರ್ಥವನ್ನು ಸಮಯಸ್ಫೂರ್ತಿಯಿಂದ ಆಡಿ ಬೆಳೆಸುತ್ತಿದ್ದರು. ಹೆಣ್ಣುಪಾತ್ರಗಳೂ ಗಂಡಸರವೇ. ನಟರೇ ಹಾಡುವ ಸಂಗೀತ ನಾಟಕಕ್ಕೆ ಮರಾಠಿಯಲ್ಲಿ ಹೆಸರು ತಂದ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಶಾಕುಂತಲ’ ಬಂದದ್ದು 1880ರಲ್ಲಿ.

ಹವ್ಯಾಸದಿಂದ ಮೊದಲಾದ ಕನ್ನಡ ನಾಟಕ ಮುಂದೆ ವೃತ್ತಿಯಾಯಿತು. ಶಿರಹಟ್ಟಿ ವೆಂಕೋಬರಾಯರು, ವಾಮನರಾವ್ ಮಾಸ್ತರರು, ಗರುಡ ಸದಾಶಿವರಾಯರು ಕಟ್ಟಿದ ಕಂಪನಿಗಳ ಝಗಮಗದಲ್ಲಿ ಶಾಲಾಮಾಸ್ತರರ ಮಂಡಳಿ ಮಸುಕಾಯಿತು. ಶಾಂತಕವಿಗಳ ಲೇಖನಿ ಕನ್ನಡ ಸೀಮೆಗಳ ಏಕೀಕರಣದ ಕಡೆ ಹೊರಳಿತು. ಹಂಪೆಯ ವಿರೂಪಾಕ್ಷನೇ ಭಿಕ್ಷೆಗೆ ಹೊರಟಂತೆ ಒಂದು ಪದ್ಯ ಬರೆದರು. ಅವರ ‘ರಕ್ಷಿಸು ಕರ್ನಾಟಕ ದೇವಿ’ ಕನ್ನಡದ ಸಭೆಗಳಲ್ಲಿ ಹಾಡಾಯಿತು. ಕನ್ನಡ ಸೀಮೆಗಳು ಒಂದಾಗುವ ಹೊತ್ತಿಗೆ ಅವರು ತೀರಿಕೊಂಡು 36 ವರ್ಷವಾಗಿತ್ತು.