ಕಂಪ್ಯೂಟರ್ ಮುದಿಯಾಯ್ತೇ? ಗುಜರಿಗೆ ಹಾಕೋ ಮುನ್ನ ನೋಡಿ!

"ಇದು ಆಗಲ್ಲ ಸಾರ್, ಹೊಸದೇ ತಗೊಳ್ಳಿ." ಹತ್ತು ವರ್ಷದ ಹಳೇ ಕಂಪ್ಯೂಟರ್ ಹೊತ್ತು ರಿಪೇರಿಗೆ ಹೋದವರಿಗೆ ಈ ಮಾತು ಹೊಸದಲ್ಲ. ನಿಜವೂ ಇರಬಹುದು. ಆದರೆ ಸಾವಿರಾರು ರೂಪಾಯಿ ಎಣಿಸೋ ಮುನ್ನ ಒಂದು ನಿಮಿಷ ತಾಳಿ!

ರ‍್ಯಾಮ್ ಅಂದರೆ ಅಂಗಡಿ ಕೌಂಟರ್ ಇದ್ದ ಹಾಗೆ. ಗೋದಾಮು ಎಷ್ಟೇ ದೊಡ್ಡದಿರಲಿ, ಕೌಂಟರ್ ಗೇಣಗಲ ಇದ್ದರೆ ಪ್ರತಿ ಸಾಮಾನಿಗೂ ಒಳಗೆ ಓಡಬೇಕು. ಗಿರಾಕಿ ಕಾಯಬೇಕು. 4 ಜಿಬಿಯ ಪಾಡು ಈಗ ಇದೇ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಎಂದಿನ ಕೆಲಸ ನಡೆಯುವಾಗ 'ಮೆಮೊರಿ' ಶೇಕಡಾ 90 ದಾಟಿದ್ದರೆ ಕೊರತೆ ಅಲ್ಲೇ. ಅರ್ಧಕ್ಕೇ ನಿಂತಿದ್ದರೆ ರ‍್ಯಾಮ್ ಹಾಕಿಸಿ ಸುಖವಿಲ್ಲ. ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ.

ಜನ ಎಡವೋದು ಖರೀದಿಯಲ್ಲಿ. ಡಿಡಿಆರ್ 3ಕ್ಕೆ 240 ಪಿನ್ನು, ಡಿಡಿಆರ್ 4ಕ್ಕೆ 288. ಕಚ್ಚಿನ ಜಾಗವೂ ಬೇರೆ. ಒತ್ತಿ ತುರುಕಿದರೆ ಬೋರ್ಡಿಗೇ ಏಟು. ನಲ್ಲಿ ವಾಷರ್ ತರುವಾಗ ಮಾಡುವಂತೆ ಹಳೇ ಪಟ್ಟಿಯನ್ನೇ ಒಯ್ದು ತೋರಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೂ ಅಷ್ಟೆ. ಮನೆಯದು 32 ಬಿಟ್ ವಿಂಡೋಸ್ ಆದರೆ 4 ಜಿಬಿ ಮೇಲೆ ಹಾಕಿದ್ದೆಲ್ಲ ದಂಡ. ಕೆಲವು ಲ್ಯಾಪ್‌ಟಾಪ್‌ಗಳಲ್ಲಂತೂ ರ‍್ಯಾಮ್ ಬೆಸುಗೆಯಾಗಿಯೇ ಬರುತ್ತದೆ, ಬದಲಿಸಲಾಗದು.

ಬೆಲೆಯ ಮಾತು ಬೇರೆ. ಎಐ ಕಂಪನಿಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ದರ ಗಗನಕ್ಕೇರಿತು. ಎಲ್ಲೋ ಕೂತ ದೊಡ್ಡ ಗಿರಾಕಿಯಿಂದ ನಮ್ಮ ಜೇಬಿಗೆ ಕತ್ತರಿ!

ಹಾಕುವಾಗ ಮೊದಲು ಪ್ಲಗ್ ಕೀಳಿ. ಕಬ್ಬಿಣದ ಪೆಟ್ಟಿಗೆ ಮುಟ್ಟಿ ಮೈಯ ವಿದ್ಯುತ್ ಕಳೆದುಕೊಳ್ಳಿ. ಕ್ಲಿಪ್ 'ಟಕ್' ಅನ್ನೋವರೆಗೆ ನೇರವಾಗಿ ಒತ್ತಿ. ಆನ್ ಮಾಡಿದಾಗ ಬೀಪ್ ಹೊಡೆದುಕೊಂಡರೆ ಗಾಬರಿ ಬೇಡ, ಪಟ್ಟಿ ಸರಿಯಾಗಿ ಕೂತಿರಲಿಕ್ಕಿಲ್ಲ. ತೆಗೆದು ಮತ್ತೆ ಕೂರಿಸಿ.