ಬಂಗಾರ ಬರಿದಾದ ಊರಿನಲ್ಲಿ ಒಂದು ದಿನ

ಮಗಳ ನಿಕಾಹ್‌ಗೆ ಎರಡು ಬಳೆ ಮಾಡಿಸಲು ಇಳಕಲ್ಲಿನ ಬಂಗಾರದಂಗಡಿಗೆ ಹೋದಾಗ ನಾವು ಕೇಳಿದ್ದು ಎರಡೇ ಮಾತು: ತೊಲಕ್ಕೆ ಎಷ್ಟು, ಮಜೂರಿ ಎಷ್ಟು? ಅದು ಯಾರ ಕೈಯಿಂದ ಮೇಲೆ ಬಂತೆಂದು ಯಾರು ಕೇಳುತ್ತಾರೆ! ನಮಗೆ ಹತ್ತಿರದ ಗಣಿ ಲಿಂಗಸುಗೂರಿನಾಚೆಯ ಹಟ್ಟಿ. ಅಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ಆದರೆ ನಾನು ನೋಡಿದ್ದು ಕೆಲಸ ನಿಂತ ಗಣಿಯನ್ನು. ರಜೆಯಲ್ಲಿ ಬಂಗಾರಪೇಟೆಯ ನಾದಿನಿಯ ಮನೆಗೆ ಹೋದವರು ಅಲ್ಲಿಂದ ಕೆ.ಜಿ.ಎಫ್.ಗೆ ಹೋಗಿದ್ದೆವು. 2018ರ ಸಿನಿಮಾದಿಂದ ಮಕ್ಕಳಿಗೆಲ್ಲ ಆ ಹೆಸರು ಬಾಯಿಪಾಠ. ಸಿನಿಮಾದ ಊರೇ ಬೇರೆ, ಈ ಊರೇ ಬೇರೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪೆನಿ ಇಲ್ಲಿ ಕೆಲಸ ಆರಂಭಿಸಿತು. ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಆಸ್ಪತ್ರೆ ಎಲ್ಲವೂ ಬಂದವು. ಜನ ಇದನ್ನು 'ಪುಟ್ಟ ಇಂಗ್ಲೆಂಡ್' ಎಂದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ! ತಮಿಳು ನಾಡಿನಿಂದ ಬಂದ ಕಾರ್ಮಿಕರ ಪಾಲಿಗೆ ಮಾತ್ರ ಬಿದಿರು ತಟ್ಟಿಯ ಗುಡಿಸಲುಗಳ ಸಾಲು. ಆ ಸಾಲುಗಳಿಗೆ ಇಂದಿಗೂ 'ಲೈನು' ಎಂದೇ ಹೆಸರು.

ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. 800 ಟನ್ನಿಗೂ ಮಿಕ್ಕಿ ಚಿನ್ನ ಹೊರಬಂತು. ಮೊದಮೊದಲು ಒಂದು ಟನ್ ಅದಿರಿನಲ್ಲಿ 40 ಗ್ರಾಂಗಿಂತ ಹೆಚ್ಚು ಸಿಗುತ್ತಿದ್ದುದು ಕೊನೆಗೆ ಮೂರು ಗ್ರಾಂಗೆ ಇಳಿಯಿತು. ಅಂದರೆ ನಾವು ಕೈಗೆ ಹಾಕುವ ಒಂದು ತೊಲಕ್ಕೆ ಮೂರು ನಾಲ್ಕು ಟನ್ ಕಲ್ಲು ಒಡೆಯಬೇಕು.

ಒಂದು ಲೈನಿನಲ್ಲಿ ನೀರು ಕೇಳಿದೆವು. ಮನೆಯ ಅಜ್ಜಿ ಒಳಗೆ ಕರೆದು ಕೂರಿಸಿದರು. ಅವರ ಯಜಮಾನರು ಗಣಿಯವರು. ಆಳದಲ್ಲಿ ಬಂಡೆ ಸಿಡಿದರೆ ಇಲ್ಲಿ ಪಾತ್ರೆಗಳು ಅಲುಗಾಡುತ್ತಿದ್ದವಂತೆ. ಆಗ ಒಲೆ ಬಿಟ್ಟು ಹೆಂಗಸರೆಲ್ಲ ಗಣಿಯ ಬಾಗಿಲಿಗೆ ಓಡಬೇಕು. ಇವರ ಯಜಮಾನರು ಪ್ರತಿ ಸಲವೂ ನಡೆದೇ ಮನೆಗೆ ಬಂದರು. ಅವರನ್ನು ಕೊಂಡೊಯ್ದದ್ದು ಎದೆಯಲ್ಲಿ ಕೂತ ಕಲ್ಲಿನ ಧೂಳು. ಗ್ರಾನೈಟ್ ಕ್ವಾರಿಗಳ ಮಗ್ಗುಲಲ್ಲಿ ಬದುಕುವ ನಮ್ಮ ಇಳಕಲ್ಲಿನವರಿಗೆ ಆ ಕೆಮ್ಮಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಅಜ್ಜಿಯ ಕೈಯಲ್ಲಿ ಗಾಜಿನ ಬಳೆಗಳೂ ಇರಲಿಲ್ಲ. ನಾನು ಸೆರಗಿನಲ್ಲಿ ನನ್ನ ಕೈ ಮುಚ್ಚಿಕೊಂಡೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಖರ್ಚಿಗೆ ತಕ್ಕ ಚಿನ್ನ ಬರುತ್ತಿರಲಿಲ್ಲ ಎಂಬ ಕಾರಣ ಸುಳ್ಳಲ್ಲ. ಆದರೆ ಒಂದೇ ಕೆಲಸ ಬಲ್ಲ ಊರಿಗೆ ಬೇರೆ ಕೆಲಸ ಕಲಿಸದೆ ಬಾಗಿಲು ಹಾಕಬಹುದೇ? ಮೆಕ್ಸಿಕೋದಲ್ಲಿ ಸ್ಪೇನಿನವರು ಬೆಳ್ಳಿಗಾಗಿ ಕಟ್ಟಿದ ಗ್ವಾನಾಹ್ವಾತೊ ಎಂಬ ಗಣಿನಗರ 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದನ್ನು ನೋಡಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ಇಲ್ಲಿ ನಾವು ನೋಡಿದ ಗಣಿಬಾಗಿಲಿಗೆ ಬೀಗ. ಕಬ್ಬಿಣದ ಗೋಪುರವನ್ನು ಬೇಲಿಯ ಹೊರಗಿನಿಂದಲೇ ನೋಡಿದೆವು. ಅದರಾಚೆ ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಬೂದುಗುಡ್ಡಗಳು. ಗಾಳಿ ಬೀಸಿದರೆ ಆ ಪುಡಿ ಒಣಹಾಕಿದ ಬಟ್ಟೆಯ ಮೇಲೂ, ಅನ್ನದ ತಟ್ಟೆಗೂ ಬೀಳುತ್ತದೆಂದು ಅಜ್ಜಿ ಹೇಳಿದ್ದರು.

ಅಸರ್ ಮುಗಿಸಿ ನಿಲ್ದಾಣಕ್ಕೆ ಬಂದೆವು. ನಮ್ಮ ರೈಲಿನಲ್ಲಿ ಜಾಗ ಸುಲಭವಾಗಿ ಸಿಕ್ಕಿತು. ಬಂಗಾರಪೇಟೆಯಲ್ಲಿ ಇಳಿಯುವಾಗ ಬೆಂಗಳೂರಿನಿಂದ ಬಂದ ರೈಲು ಎದುರಾಯಿತು. ಅದರ ಬಾಗಿಲುಗಳಲ್ಲೂ ಜನ ಜೋತುಬಿದ್ದಿದ್ದರು. ನಸುಕಿನಲ್ಲೇ ಕೂಲಿಗೆ ಹೋದ ಗಣಿಯವರ ಮಕ್ಕಳು, ಸೊಸೆಯಂದಿರು, ಖಾಲಿ ಬುತ್ತಿಡಬ್ಬಿ ಹಿಡಿದು ಮನೆಗೆ ಹೊರಟಿದ್ದರು.