ಜೌಗು ನೆಲದಲ್ಲಿ ಬಜೆಯ ಬೇಸಾಯ

ಕೆರೆಯ ಏರಿಯ ಹಿಂದೆಯೂ ಹಳ್ಳದ ಮಗ್ಗುಲಲ್ಲಿಯೂ ಸದಾ ನೀರು ಒಸರುತ್ತಿರುವ ತುಂಡು ಜಮೀನುಗಳು ಅನೇಕ ಗ್ರಾಮಗಳಲ್ಲುಂಟು. ಅಲ್ಲಿ ರಾಗಿ ಜೋಳಗಳ ಬೇರು ಕೊಳೆಯುವುದರಿಂದ ನೆಲವು ಬೀಳುಬಿದ್ದು ಜೊಂಡಿಗೆ ಎಡೆಯಾಗುವುದು. ಇಂತಹ ನೆಲಕ್ಕೆ ಒಗ್ಗತಕ್ಕ ಬಹುವಾರ್ಷಿಕ ಸಸ್ಯಗಳಲ್ಲಿ ಬಜೆಯೂ ಒಂದು. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕು ಇದರ ಬೇಸಾಯಕ್ಕೆ ಹೆಸರಾದುದು.

ಬಜೆಯು ನಮ್ಮ ದೇಶದ ಜೌಗುಗಳಲ್ಲಿ ತಾನಾಗಿಯೂ ಬೆಳೆಯುವ ಗಿಡ. ಕತ್ತಿಯಂತಹ ನೀಳವಾದ ಎಲೆಗಳ ನಡುವೆ ಬೆರಳಿನಂತೆ ಓರೆಯಾಗಿ ಹೊರಡುವ ತೆನೆಯಲ್ಲಿ ಹಸಿರುಹಳದಿ ಬಣ್ಣದ ಸಣ್ಣ ಹೂಗಳು ಒತ್ತಾಗಿರುವುವು. ಆದರೆ ನಮ್ಮಲ್ಲಿ ಸಾಮಾನ್ಯವಾದ ಬಗೆಯು ಬೀಜ ಕಟ್ಟುವುದಿಲ್ಲ. ಆದಕಾರಣ ಮೊಳಕೆಯುಳ್ಳ ಗೆಡ್ಡೆಯ ತುಂಡುಗಳನ್ನೇ ನೆಡಬೇಕು.

ಜೇಡಿ ಬೆರೆತ ಗೋಡು ಅಥವಾ ಮೆಕ್ಕಲು ಮಣ್ಣು ಇದಕ್ಕೆ ಉತ್ತಮ. ನೆಲವನ್ನು ಭತ್ತದ ಗದ್ದೆಯಂತೆ ಕೆಸರುಮಾಡಿ, ಕೊಟ್ಟಿಗೆ ಗೊಬ್ಬರವನ್ನೂ ಹೊಂಗೆಯ ಸೊಪ್ಪನ್ನೂ ತುಳಿದು ಸೇರಿಸಬೇಕು. ಮಳೆಗಾಲದ ಆರಂಭದಲ್ಲಿ ಅಡಿಗೊಂದರಂತೆ, ಸುಮಾರು 2 ಅಂಗುಲ ಆಳದಲ್ಲಿ ತುಂಡುಗಳನ್ನು ನೆಡತಕ್ಕದ್ದು. ಈ ಲೆಕ್ಕದಲ್ಲಿ ಒಂದು ಗುಂಟೆಗೆ 1,089 ತುಂಡುಗಳು ಹಿಡಿಯುವುವು. ಮೊದಲು 2 ಅಂಗುಲ, ಗಿಡ ಬೆಳೆದಂತೆ 4 ಅಂಗುಲ ನೀರು ನಿಲ್ಲಿಸಬೇಕು. ಎಲೆ ಹರಡುವವರೆಗೆ ಕಳೆ ಕೀಳುವುದನ್ನು ಬಿಡಲಾಗದು.

ಸುಮಾರು ಒಂದು ವರ್ಷಕ್ಕೆ ಎಲೆಗಳು ಹಳದಿಯಾಗಿ ಒಣಗತೊಡಗುವುವು. ಆಗ ನೀರನ್ನು ಬಸಿದು, ಹಸಿ ಆರುವ ಮುನ್ನವೇ ಗೆಡ್ಡೆಗಳನ್ನು ಅಗೆಯಬೇಕು. ತೊಳೆದು, 2-3 ಅಂಗುಲದ ತುಂಡುಗಳಾಗಿ ಕತ್ತರಿಸಿ, ನಾರುಬೇರುಗಳನ್ನು ತೆಗೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲು ಹೆಚ್ಚಾದರೆ ಪರಿಮಳದ ತೈಲವು ಆರಿಹೋಗುವುದು. ಬಳಿಕ ಗೋಣಿಯ ಮೇಲೆ ಉಜ್ಜಿದರೆ ಸಿಪ್ಪೆ ಉದುರುವುದು. ಮುಂದಿನ ನಾಟಿಗೆ ಕೆಲವು ಗೆಡ್ಡೆಗಳನ್ನು ಒದ್ದೆ ಮಣ್ಣಿನಲ್ಲಿ ಹೂತಿಡಬೇಕು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕಾಗಿದೆ. ಶಿಶುಗಳಿಗೆ ಬಜೆ ತೇಯ್ದು ನೆಕ್ಕಿಸುವ ವಾಡಿಕೆ ನಮ್ಮ ಮನೆಗಳಲ್ಲಿ ಹಳೆಯದು. ಈ ಗೆಡ್ಡೆಯಲ್ಲಿರುವ ಬೀಟಾ-ಅಸರೋನ್ ಎಂಬ ದ್ರವ್ಯವು ಪ್ರಯೋಗದ ಇಲಿಗಳಲ್ಲಿ ಗಂತಿಗಳನ್ನುಂಟುಮಾಡಿದ ಕಾರಣ, ಅಮೆರಿಕದ ಸರ್ಕಾರವು 1968ರಲ್ಲಿ ಆಹಾರದಲ್ಲಿ ಬಜೆಯ ಉಪಯೋಗವನ್ನು ನಿಷೇಧಿಸಿತು. ಪ್ರಮಾಣ ಮೀರಿದರೆ ವಾಂತಿಯೂ ಆಗುವುದು. ಆದುದರಿಂದ ಬೆಳೆದ ಮನೆಯಲ್ಲಿ ಹೇರಳವಾಗಿದೆಯೆಂದು ವೈದ್ಯರ ಸಲಹೆಯಿಲ್ಲದೆ ಮಕ್ಕಳಿಗೆ ಕೊಡಬಾರದು.

ಕೊಳ್ಳುವವರು ಗ್ರಂಧಿಗೆ ಅಂಗಡಿಯವರೂ ಔಷಧ ತಯಾರಕರೂ ಆಗಿರುವರೇ ಹೊರತು ಪ್ರತಿ ಸಂತೆಯಲ್ಲಿಯೂ ದೊರೆಯರು. ಮೊದಲು ಅವರನ್ನು ವಿಚಾರಿಸಿ, ಒಂದೆರಡು ಗುಂಟೆಯಲ್ಲಿ ಪರೀಕ್ಷಿಸಿ ನೋಡಿ, ಆಮೇಲೆ ವಿಸ್ತರಿಸುವುದು ಕ್ಷೇಮ. ಗ್ರಾಮದ ಮುಖಂಡರು ತಮ್ಮ ಜಮೀನಿನಲ್ಲಿ ಮೊದಲು ಬೆಳೆದು ತೋರಿಸಿದಲ್ಲಿ, ಸಣ್ಣ ಹಿಡುವಳಿದಾರರು ಕೈಸುಟ್ಟುಕೊಳ್ಳದೆ ಅದರ ಲಾಭನಷ್ಟಗಳನ್ನು ಕಣ್ಣಾರೆ ತಿಳಿಯುವರು.